ಒತ್ತಿಲ್ಲದ ಚೀಟಿ

ಮೊದಲ ಚೀಟಿ ಬರೆದದ್ದು ಇಲಾಖೆಯ ಕನ್ನಡದಲ್ಲಿ.
ಹದಿನಾರು ವರ್ಷದ ಸರ್ವೀಸಿಗೆ ಆ ಭಾಷೆ
ಬೆರಳ ಸಂದಿಯ ಸೀಮೆಸುಣ್ಣ, ತೊಳೆದರೂ ಹೋಗದು:
“ಪೋಷಕರ ಗಮನಕ್ಕೆ. ಮೂರನೇ ತರಗತಿಯ ಇಲಿಯಾಸನಿಗೆ
ಒತ್ತಕ್ಷರದ ಸಮಸ್ಯೆ ಇದೆ. ನಿರ್ಲಕ್ಷ್ಯ ಸಲ್ಲದು.
ತಪ್ಪದೆ ಬಂದು ಕಾಣತಕ್ಕದ್ದು.”
ಕೆಳಗೆ ಸಹಿ, ಸೀಲು. ಮಡಚಿ ಅವನ ಕೈಗೇ ಕೊಟ್ಟೆ.

ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ
ಗೇಟಿನಲ್ಲಿ ಖುರ್ಷಿದಾ.
ಊರುಗಡೂರಿನಿಂದ ನಾಲೆಯ ಏರಿ ಹಿಡಿದು ನಡೆದೇ ಬಂದಿದ್ದಾಳೆ,
ತೋಳು ಮಡಚಿದ್ದು ಮಡಚಿದಂತೆ, ಎರಡೂ ಅಂಗೈ ಕಪ್ಪು.
ಸಾವಿರ ಊದುಬತ್ತಿಯಲ್ಲಿ ಅರ್ಧ ಹೊಸೆದು
ಅರ್ಧ ಹಲಗೆಯ ಮೇಲೆ ಒಣಗಲು ಬಿಟ್ಟ ಕೈ.
“ಟೀಚರ್, ಈ ಒತಕರ ಅಂದ್ರೆ ಏನು ಕಾಯ್ಲೆ?
ಮೆಗ್ಗಾನಿಗೆ ಕರ್ಕೊಂಡು ಹೋಗ್ಲಾ?”

ನಗಬಾರದಿತ್ತು. ನಕ್ಕೆ.
ಆಮೇಲೆ ಆ ನಗುವನ್ನು ಎಲ್ಲಿಡುವುದೋ ತಿಳಿಯಲಿಲ್ಲ.
ಆ ಮನೆಯಲ್ಲಿ ಓದು ಬರುವವನು ಅವನೊಬ್ಬನೇ.
ಒತ್ತು ಬಾರದವನ ಕೈಯಲ್ಲಿ
ಒತ್ತು ಬಾರದೆಂಬ ದೂರನ್ನು
ಒತ್ತು ತುಂಬಿ ಕಳಿಸಿದ್ದೆ.

ಸಂಜೆ ಹಾಜರಿ ಪುಸ್ತಕ ಮುಚ್ಚಿ ಕೂತೆ,
ಒತ್ತಿಲ್ಲದ ಮಾತಲ್ಲಿ ಒಂದು ಚೀಟಿ ಬರೆಯೋಣವೆಂದು.
‘ಅಮ್ಮ’ ಎಂದು ಶುರುಮಾಡಿದೆ. ಅಲ್ಲೇ ಒಂದು.
ಅಪ್ಪ, ಅಕ್ಕ, ಅಣ್ಣ, ಅಜ್ಜಿ:
ಮನೆಮಂದಿಯೆಲ್ಲ ಕಾಲ ಬುಡದಲ್ಲಿ
ತಮ್ಮದೇ ಒಂದು ಮರಿ ಕಟ್ಟಿಕೊಂಡು ನಿಂತಿದ್ದಾರೆ.
ಅನ್ನಕ್ಕೂ ಒತ್ತು, ಕಣ್ಣಿಗೂ. ಪ್ರೀತಿಗೆ ಮೊದಲಲ್ಲೇ.
ರೋಗ ಇಲ್ಲ ಎನ್ನೋಣವೆಂದರೆ
‘ಇಲ್ಲ’ಕ್ಕೂ ಒಂದು ಬೇಕು.
ಹೊಡೆದು ಹೊಡೆದು ಹಾಕಿ, ಏಳು ಗಂಟೆಗೆ ಉಳಿದದ್ದು ಇಷ್ಟು:
“ನಾಳೆ ಹಾಲು ಕೊಡುವೆವು. ಲೋಟ ಕಳಿಸಿ.
ಮಗ ಹುಷಾರು.”

ಲೋಟದೊಳಗೆ ಸುರುಳಿಯಾಗಿ ಚೀಟಿ ಮರಳಿ ಬಂತು,
ಗಂಧದ ವಾಸನೆ ಹೊತ್ತು.
ಸಾಲಿನ ಕೆಳಗೆ ಮಸಾಲೆಯ ಹೆಬ್ಬೆಟ್ಟು; ಇಂಕ್ ಪ್ಯಾಡು ಬೇಕಿರಲಿಲ್ಲ.
ನಾನು ಒಂದೊಂದಾಗಿ ಕಿತ್ತುಹಾಕಿದ್ದನ್ನೆಲ್ಲ
ಅವಳು ಒಂದೇ ಕಡೆ ಒತ್ತಿದ್ದಳು.

ಮುಂದೆ ವಾರಕ್ಕೊಂದು ಸೇರಿಸುತ್ತಾ ಹೋದೆ,
ಗಂಜಿಗೆ ಉಪ್ಪು ಹಾಕುವ ಹಾಗೆ.
ಮೊಟ್ಟೆಯ ದಿನ ಟ. ಬಸ್ಸಿನ ಪಾಸಿಗೆ ಸ.
ಚುಚ್ಚುಮದ್ದಿಗೆ ಎರಡೆರಡು, ಅಂದು ಅವನು ಶಾಲೆಗೇ ಬರಲಿಲ್ಲ.
ಅರ್ಕಾವತ್ತಿಗೆ ಸಂಕ್ರಾಂತಿಯವರೆಗೂ ಒದ್ದಾಡಿದೆವು,
ಅದು ಈಗಲೂ ಅಷ್ಟಕ್ಕಷ್ಟೆ.
ದೂರನ್ನೂ ಬರೆದೆ: “ನಿನ್ನೆ ಜೊತೆಯವನ ಬೆನ್ನಿಗೆ ಕಲ್ಲು ಹೊಡೆದ.”
ಉತ್ತರ ಬಂತು, ಅವಳು ಹೇಳಿದ್ದು, ಅವನು ಬರೆದದ್ದು:
“ಓದೋವಾಗ ದನಿ ಸಣ ಆಯಿತು. ಆದರೂ ಪೂರ ಓದಿದ.
ಎರಡು ಏಟು ಕೊಟ್ಟೆ.”
ತನಗೆ ಬಿದ್ದ ಏಟಿಗೆ ತ ಒತ್ತು ಬೇಡ, ಟ ಒತ್ತು ಎಂದು
ಅಳಿಸಿ ತಿದ್ದಿದ ಗುರುತು ಹಾಳೆಯಲ್ಲಿ ತೂತಾಗಿತ್ತು.

ಮಾರ್ಚಿಯ ಕೊನೆಗೆ ಪುಟ ತುಂಬ ಬರೆದೆ, ಏನನ್ನೂ ಕೀಳದೆ:
ರಜೆ ಎಂದಿನಿಂದ, ಅಂಕಪಟ್ಟಿ ಎಂದು, ಭಾಗಾಕಾರ ಇನ್ನೂ ಕಷ್ಟ,
ಹಲ್ಲು ಹುಳುಕಾಗಿದೆ ತೋರಿಸಿ.
ನಡುವೆ ಒಂದು ಸಾಲು: “ಒಂದನೇ ತರಗತಿಯ ಚಿಕ್ಕವರಿಗೆ
ಇಲಿಯಾಸನೇ ಅಕ್ಷರ ಹೇಳಿಕೊಡುತ್ತಾನೆ. ನನಗೆ ಹೆಮ್ಮೆ.”

ಖುರ್ಷಿದಾ ಬಂದಳು. ರಜೆ ಕೇಳಿದಳು, ಹಲ್ಲು ಕೇಳಿದಳು,
ಭಾಗಾಕಾರಕ್ಕೆ ಟ್ಯೂಷನ್ ಬೇಕಾ ಎಂದಳು.
ಅದರ ಮಾತೇ ಇಲ್ಲ. ನಾನೇ ಎತ್ತಿದೆ.
ಮಗನ ಕಡೆ ತಿರುಗಿದಳು: “ಹಂಗೇನೂ ಓದ್ಲಿಲ್ವಲ್ಲ ನೀನು?”

ಅವನು ಕಂಬದ ಸುಣ್ಣ ಉಗುರಲ್ಲಿ ಕೆರೆಯುತ್ತಿದ್ದ.
“ಆ ಸಾಲಲ್ಲಿ ಒತ್ತು ಜಾಸ್ತಿ ಇತ್ತು ಟೀಚರ್”
ಎಂದ,
ಒಂದನ್ನೂ ಬಿಡದೆ.